ಭಾವಿ ಶಾಲಾ ಆಡಳಿತಗಾರರಿಗೆ ಕ್ರಿಯಾ ಸಂಶೋಧನೆ: ಸಮಸ್ಯೆಯ ಆಯ್ಕೆಯಿಂದ ಎರಡನೆಯ ಆವರ್ತದವರೆಗೆ

ತಮ್ಮ ಕೆಲಸದಲ್ಲಿ ಒಂದು ಬದಲಾವಣೆ ಮಾಡಿ ಅದರ ಫಲವನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ವಿಧಾನವೇ ಕ್ರಿಯಾ ಸಂಶೋಧನೆ. ಶಾಲೆಯ ಆಡಳಿತದ ಹೊಣೆ ಹೊರಲು ತರಬೇತಿ ಪಡೆಯುತ್ತಿರುವವರಿಗೆ ಅದು ಹೆಚ್ಚಾಗಿ ಕೊನೆಯಲ್ಲಿ ಒಪ್ಪಿಸಬೇಕಾದ ಒಂದು ವರದಿಯ ರೂಪದಲ್ಲಿಯೇ ಪರಿಚಯವಾಗುತ್ತದೆ. ಶಿಕ್ಷಕರಾಗಿದ್ದಾಗ ಒಂದೆರಡು ಬಾರಿ ಅದನ್ನು ಮಾಡಿದವರು ತಮಗೆ ಈ ವಿಧಾನ ತಿಳಿದಿದೆ ಎಂದೇ ಭಾವಿಸಿರುತ್ತಾರೆ. ಆದರೆ ಶಿಕ್ಷಕರ ಕ್ರಿಯಾ ಸಂಶೋಧನೆಗೂ ಆಡಳಿತಗಾರರ ಕ್ರಿಯಾ ಸಂಶೋಧನೆಗೂ ಮೂಲದಲ್ಲಿಯೇ ಒಂದು ವ್ಯತ್ಯಾಸವಿದೆ. ಶಿಕ್ಷಕರು ತಮ್ಮ ತರಗತಿಯಲ್ಲಿ ತಮ್ಮ ಬೋಧನೆಯನ್ನು ಬದಲಿಸಿ ಅದರ ಫಲವನ್ನು ನೋಡುತ್ತಾರೆ. ಆಡಳಿತಗಾರರು ಕೈಗೊಳ್ಳುವ ಕ್ರಮವಾದರೋ ಇತರರ ಕೆಲಸದ ಮೂಲಕವೇ ಮಕ್ಕಳನ್ನು ತಲುಪುತ್ತದೆ. ಹೀಗಿರುವುದರಿಂದ ಸಂಶೋಧನೆಯ ದೃಷ್ಟಿ ತಿಳಿಯದೆಯೇ ಆ ಇತರರ ಮೇಲೆ ಹೊರಳುತ್ತದೆ. ಶಿಕ್ಷಕರು ಏಕೆ ಹೀಗೆ ಮಾಡುತ್ತಾರೆ, ಪೋಷಕರು ಏಕೆ ಸಹಕರಿಸುವುದಿಲ್ಲ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಆಗ ಉಳಿಯುವುದು ಸಂಶೋಧನೆಯಲ್ಲ, ತಪಾಸಣೆ. ಆಡಳಿತಗಾರರ ಕ್ರಿಯಾ ಸಂಶೋಧನೆಯಲ್ಲಿ ಪರೀಕ್ಷೆಗೆ ಒಳಪಡಬೇಕಾದದ್ದು ಅವರದೇ ನಿರ್ಧಾರ, ಅವರದೇ ವ್ಯವಸ್ಥೆ ಮತ್ತು ಅವರದೇ ನಡವಳಿಕೆ. ಮುಂದಿನ ಪ್ರತಿಯೊಂದು ಹೆಜ್ಜೆಯನ್ನೂ ಈ ಒಂದು ನಿಲುವಿನಿಂದಲೇ ವಿವರಿಸಲಾಗಿದೆ.

ವಿಧಾನದ ಹಿನ್ನೆಲೆ

1940ರ ದಶಕದಲ್ಲಿ ಸಾಮಾಜಿಕ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರು ಈ ವಿಧಾನಕ್ಕೆ ಹೆಸರನ್ನೂ ಸ್ಪಷ್ಟವಾದ ರೂಪವನ್ನೂ ಕೊಟ್ಟರು. ಯೋಜನೆ, ಕ್ರಮ, ಆ ಕ್ರಮದ ಫಲವನ್ನು ಕುರಿತ ಸತ್ಯಶೋಧನೆ, ಮತ್ತೆ ಯೋಜನೆ ಎಂಬ ಸುರುಳಿಯಾಕಾರದ ಮುನ್ನಡೆಯನ್ನು ಅವರು 1946ರ ತಮ್ಮ ಲೇಖನದಲ್ಲಿ ವಿವರಿಸಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ ಅವರು 1950ರ ದಶಕದ ಆರಂಭದಲ್ಲಿ ಇದನ್ನು ಶಾಲೆಗಳ ಸುಧಾರಣೆಗೆ ಅನ್ವಯಿಸಿದರು. ಬ್ರಿಟನ್ನಿನಲ್ಲಿ ಲಾರೆನ್ಸ್ ಸ್ಟೆನ್‌ಹೌಸ್ ಅವರು 1970ರ ದಶಕದಲ್ಲಿ ಶಿಕ್ಷಕರೇ ಸಂಶೋಧಕರಾಗಬೇಕು ಎಂಬ ವಾದವನ್ನು ಬಲವಾಗಿ ಮಂಡಿಸಿದರು. ಆಸ್ಟ್ರೇಲಿಯಾದ ಸ್ಟೀಫನ್ ಕೆಮ್ಮಿಸ್ ಮತ್ತು ರಾಬಿನ್ ಮ್ಯಾಕ್‌ಟ್ಯಾಗರ್ಟ್ ಅವರು 1980ರ ದಶಕದಲ್ಲಿ ಜನಪ್ರಿಯಗೊಳಿಸಿದ ಯೋಜನೆ, ಕ್ರಿಯೆ, ಅವಲೋಕನ, ಚಿಂತನೆ ಎಂಬ ನಾಲ್ಕು ಹಂತಗಳೇ ಇಂದು ಹೆಚ್ಚಿನ ತರಬೇತಿ ಕಾರ್ಯಕ್ರಮಗಳಲ್ಲಿ ಬಳಕೆಯಲ್ಲಿವೆ. ಈ ಹಂತಗಳ ಒಂದು ಪೂರ್ಣ ಸುತ್ತನ್ನೇ ಇಲ್ಲಿ ಆವರ್ತ ಎನ್ನಲಾಗಿದೆ.

ಸಾಂಪ್ರದಾಯಿಕ ಸಂಶೋಧನೆಯು ಎಲ್ಲೆಡೆಗೂ ಅನ್ವಯವಾಗಬಲ್ಲ ಜ್ಞಾನವನ್ನು ಅರಸುತ್ತದೆ. ಕ್ರಿಯಾ ಸಂಶೋಧನೆಗೆ ಆ ಹಂಬಲವಿಲ್ಲ. ಈ ಶಾಲೆಯಲ್ಲಿ, ಈ ಮಕ್ಕಳಿಗೆ, ಈ ಪರಿಸ್ಥಿತಿಯಲ್ಲಿ ನಾವು ಕೈಗೊಂಡ ಕ್ರಮ ಫಲ ಕೊಟ್ಟಿತೇ, ಕೊಟ್ಟಿದ್ದರೆ ಯಾರಿಗೆ, ಕೊಡದಿದ್ದರೆ ಏಕೆ ಎಂಬುದನ್ನು ಅದು ಕೇಳುತ್ತದೆ. ವ್ಯಾಪ್ತಿ ಚಿಕ್ಕದಾಗಿರುವುದರಿಂದ ಶಿಸ್ತೂ ಸಡಿಲವಾಗಿರಬಹುದು ಎಂದು ಯಾರೂ ತಿಳಿಯಬಾರದು. ತಪ್ಪಾದ ತೀರ್ಮಾನದ ಫಲವನ್ನು ಉಣ್ಣುವವರು ಅದೇ ಶಾಲೆಯ ಮಕ್ಕಳು.

ಮೊದಲನೆಯ ಹೆಜ್ಜೆ: ಸಮಸ್ಯೆಯ ಆಯ್ಕೆ

ಒಳ್ಳೆಯ ಸಮಸ್ಯೆಗೆ ಮೂರು ಲಕ್ಷಣಗಳಿರುತ್ತವೆ. ಅದು ಮಕ್ಕಳ ಕಲಿಕೆಗೆ ಅಥವಾ ಕ್ಷೇಮಕ್ಕೆ ನೇರವಾಗಿಯೋ ಒಂದು ಹೆಜ್ಜೆ ಆಚೆಯಿಂದಲೋ ಸಂಬಂಧಿಸಿರುತ್ತದೆ. ಅದನ್ನು ಬದಲಿಸುವ ಅಧಿಕಾರ ನಿಮಗೆ, ಅಥವಾ ನಿಮಗೆ ಮಾರ್ಗದರ್ಶನ ಮಾಡುತ್ತಿರುವ ಮುಖ್ಯಸ್ಥರಿಗೆ, ನಿಜವಾಗಿ ಇರುತ್ತದೆ. ಮತ್ತು ಒಂದು ಶೈಕ್ಷಣಿಕ ಅವಧಿಯೊಳಗೆ ಅದರಲ್ಲಿ ಏನಾದರೂ ಚಲನೆ ಕಾಣುವ ಸಾಧ್ಯತೆ ಇರುತ್ತದೆ. ತರಬೇತಿ ಪಡೆಯುತ್ತಿರುವವರಲ್ಲಿ ಹೆಚ್ಚಿನವರು ಎರಡನೆಯ ಲಕ್ಷಣದಲ್ಲಿಯೇ ಎಡವುತ್ತಾರೆ. ಶಿಕ್ಷಕರ ಕೊರತೆ, ಪಠ್ಯಕ್ರಮದ ಭಾರ, ಕುಟುಂಬಗಳ ಬಡತನ ಇವೆಲ್ಲವೂ ಗಂಭೀರ ವಿಷಯಗಳೇ ಆದರೂ ಶಾಲೆಯೊಳಗಿನ ಒಬ್ಬ ಆಡಳಿತಗಾರರ ಕೈಗೆ ಅವು ಎಟಕುವುದಿಲ್ಲ. ಅವು ಸಮಸ್ಯೆಯ ಹಿನ್ನೆಲೆಯಾಗಬಹುದು, ಸಂಶೋಧನೆಯ ವಿಷಯವಾಗಲಾರವು.

ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಒಂದು ಶಾಲೆಯಲ್ಲಿ ಕೆಲವು ಮಕ್ಕಳು ಪದೇ ಪದೇ ಗೈರುಹಾಜರಾಗುತ್ತಿದ್ದಾರೆ. ಉಪಮುಖ್ಯೋಪಾಧ್ಯಾಯರ ಸ್ಥಾನದಲ್ಲಿ ತರಬೇತಿ ಪಡೆಯುತ್ತಿರುವ ನೀವು ಅದನ್ನು ಕೈಗೆತ್ತಿಕೊಳ್ಳಲು ಬಯಸುತ್ತೀರಿ. ಸಮಸ್ಯೆಯನ್ನು ಮೊದಲ ಸಲ ಬರೆಯುವಾಗ ಅದರೊಳಗೆ ಪರಿಹಾರವೂ ತಾನಾಗಿಯೇ ನುಸುಳುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ‘ಪೋಷಕರಿಗೆ ಹಾಜರಾತಿಯ ಮಹತ್ವ ತಿಳಿದಿಲ್ಲ’ ಎಂದು ಬರೆದವರು ಪೋಷಕರ ಸಭೆ ಕರೆಯುವ ತೀರ್ಮಾನವನ್ನು ಆಗಲೇ ಮಾಡಿಬಿಟ್ಟಿರುತ್ತಾರೆ. ‘ಎಂಟನೆಯ ತರಗತಿಯ ಕೆಲವು ಮಕ್ಕಳು ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ಗೈರಾಗುತ್ತಿದ್ದಾರೆ, ಕಾರಣ ಇನ್ನೂ ತಿಳಿದಿಲ್ಲ’ ಎಂಬುದು ಪ್ರಾಮಾಣಿಕವಾದ ಆರಂಭ.

ಎರಡನೆಯ ಹೆಜ್ಜೆ: ಪೂರ್ವಶೋಧ

ಪ್ರಶ್ನೆಯನ್ನು ಅಂತಿಮಗೊಳಿಸುವ ಮೊದಲು ಎರಡು ಮೂರು ವಾರಗಳನ್ನು ಪರಿಸ್ಥಿತಿಯನ್ನು ಅರಿಯುವುದಕ್ಕಾಗಿಯೇ ಮೀಸಲಿಡಬೇಕು. ಅವಸರದ ಅವಧಿಯಲ್ಲಿ ಎಲ್ಲರೂ ಮೊದಲು ಕೈಬಿಡುವುದು ಈ ಹಂತವನ್ನೇ. ಇಡೀ ಕೆಲಸದ ಗುಣಮಟ್ಟ ಇದರ ಮೇಲೆಯೇ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಾಲೆಯಲ್ಲಿ ಈಗಾಗಲೇ ಇರುವ ದಾಖಲೆಗಳಿಂದ ಆರಂಭಿಸಿ. ಹಾಜರಾತಿ ಪುಸ್ತಕ, ಮೌಲ್ಯಮಾಪನದ ಅಂಕಗಳು, ವೇಳಾಪಟ್ಟಿ, ಸಭೆಗಳ ನಡಾವಳಿ ಇವು ಯಾರಿಗೂ ಹೊಸ ಹೊರೆಯಾಗದಂತೆ ದೊರೆಯುವ ಮಾಹಿತಿ. ಅವುಗಳನ್ನು ಓದುವಾಗ ಸರಾಸರಿಯನ್ನು ನಂಬಿ ನಿಲ್ಲಬಾರದು. 40 ಮಕ್ಕಳಿರುವ ಒಂದು ತರಗತಿ, ವರ್ಷಕ್ಕೆ 200 ಶಾಲಾ ದಿನಗಳು, ಸರಾಸರಿ ಹಾಜರಾತಿ ಶೇಕಡಾ 94 ಎಂದುಕೊಳ್ಳೋಣ. ಒಟ್ಟು ಗೈರುಹಾಜರಿ 480 ದಿನಗಳಾಯಿತು. ಪ್ರತಿ ಮಗುವೂ 12 ದಿನ ಗೈರಾಗಿದ್ದರೂ ಇದೇ ಸಂಖ್ಯೆ ಬರುತ್ತದೆ. 30 ಮಕ್ಕಳು ತಲಾ 6 ದಿನ ಮತ್ತು ಉಳಿದ 10 ಮಕ್ಕಳು ತಲಾ 30 ದಿನ ಗೈರಾಗಿದ್ದರೂ ಇದೇ ಸಂಖ್ಯೆ ಬರುತ್ತದೆ. ಮೊದಲನೆಯದು ಸಾಮಾನ್ಯವಾದ ಕಾಯಿಲೆ ಕಸಾಲೆಗಳ ಚಿತ್ರ. ಎರಡನೆಯದರಲ್ಲಿ 10 ಮಕ್ಕಳು ಸುಮಾರು ಒಂದೂವರೆ ತಿಂಗಳ ಪಾಠವನ್ನು ಕಳೆದುಕೊಂಡಿದ್ದಾರೆ, ಶಾಲೆಯ ವಾರ್ಷಿಕ ವರದಿಯಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದಲೇ ಅನೇಕ ಶಿಕ್ಷಣ ವ್ಯವಸ್ಥೆಗಳು ಸರಾಸರಿಯ ಜೊತೆಗೆ ಶೇಕಡಾ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ದಿನ ಗೈರಾಗುವ ಮಕ್ಕಳನ್ನು ಪ್ರತ್ಯೇಕವಾಗಿ ಎಣಿಸುತ್ತವೆ. ಮಗುವಿನ ಮಟ್ಟಕ್ಕೆ ಇಳಿದು ನೋಡಿದ ಮೇಲೆ ದಿನಗಳ ಮಟ್ಟಕ್ಕೂ ಇಳಿಯಬೇಕು: ಗೈರು ವಾರದ ಯಾವ ದಿನ ಹೆಚ್ಚು, ಪರೀಕ್ಷೆಯ ಹಿಂದಿನ ದಿನವೇ, ರಜೆಯ ಮರುದಿನವೇ, ಒಂದು ನಿರ್ದಿಷ್ಟ ವಿಷಯದ ಅವಧಿಯಿರುವ ದಿನವೇ?

ದಾಖಲೆಗಳು ಏನಾಗುತ್ತಿದೆ ಎಂಬುದನ್ನು ಹೇಳುತ್ತವೆ, ಏಕೆ ಎಂಬುದನ್ನು ಜನರು ಹೇಳಬೇಕು. ಕೆಲವು ಮಕ್ಕಳು, ಪೋಷಕರು, ತರಗತಿ ಶಿಕ್ಷಕರು, ಹಾಜರಾತಿಯನ್ನು ದಾಖಲಿಸುವ ಕಚೇರಿಯ ಸಿಬ್ಬಂದಿ ಇವರೊಡನೆ ಮುಕ್ತವಾಗಿ ಮಾತನಾಡಿ. ಕಚೇರಿಯ ಸಿಬ್ಬಂದಿಯನ್ನು ಸಂಶೋಧಕರು ಸಾಮಾನ್ಯವಾಗಿ ಮರೆಯುತ್ತಾರೆ. ತಡವಾಗಿ ಬಂದ ಮಗುವಿಗೆ ಗೈರು ಎಂದು ಗುರುತು ಹಾಕಲಾಗುತ್ತದೆಯೇ ಎಂಬಂತಹ, ಇಡೀ ಲೆಕ್ಕವನ್ನೇ ಬದಲಿಸಬಲ್ಲ ಸಂಗತಿ ಅವರಿಗೆ ಮಾತ್ರ ತಿಳಿದಿರುತ್ತದೆ. ಒಂದು ಕಾರಣ ದೊರೆತ ಕೂಡಲೇ ಅದರ ಹಿಂದಿನ ಕಾರಣವನ್ನು ಕೇಳುತ್ತಾ ಹೋಗುವ, ಟೊಯೋಟ ಕಂಪನಿಯಿಂದ ಹರಡಿದ ‘ಐದು ಏಕೆ’ ಎಂಬ ಕ್ರಮ ಇಲ್ಲಿ ಉಪಯುಕ್ತ. ಆದರೆ ಮನುಷ್ಯರ ವಿಷಯದಲ್ಲಿ ಕಾರಣಗಳ ಸರಪಳಿ ಒಂದೇ ಆಗಿರುವುದಿಲ್ಲ; ಹತ್ತು ಮಕ್ಕಳ ಗೈರುಹಾಜರಿಗೆ ನಾಲ್ಕು ಬೇರೆ ಬೇರೆ ಸರಪಳಿಗಳಿರಬಹುದು. ಸರಪಳಿಯನ್ನು ಹಿಂಬಾಲಿಸುತ್ತಾ ಹೋಗಿ ಪ್ರತಿ ಸಲವೂ ಕೊನೆಯಲ್ಲಿ ಇನ್ನೊಬ್ಬರ ದೋಷವೇ ಸಿಗುತ್ತಿದ್ದರೆ, ಶಾಲೆಯ ವ್ಯವಸ್ಥೆಯ ಕಡೆಗೆ ಹೋಗುವ ಒಂದು ಸರಪಳಿಯನ್ನು ನೀವು ಹುಡುಕದೇ ಬಿಟ್ಟಿದ್ದೀರಿ ಎಂದೇ ತಿಳಿಯಬೇಕು.

ಇದೇ ಅವಧಿಯಲ್ಲಿ ಈ ಸಮಸ್ಯೆಯ ಬಗ್ಗೆ ಹಿಂದೆ ನಡೆದಿರುವ ಅಧ್ಯಯನಗಳನ್ನು ಓದಬೇಕು. ನೂರು ಲೇಖನಗಳ ಪಟ್ಟಿ ಬೇಡ. ಈ ಸಮಸ್ಯೆಗೆ ಇತರರು ಯಾವ ಕಾರಣಗಳನ್ನು ಕಂಡಿದ್ದಾರೆ, ಯಾವ ಕ್ರಮಗಳನ್ನು ಮಾಡಿ ನೋಡಿದ್ದಾರೆ, ಅವು ಎಲ್ಲಿ ವಿಫಲವಾದವು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ಓದಿದರೆ ಮೊದಲ ಆವರ್ತಕ್ಕೆ ಸಾಕು.

ಮೂರನೆಯ ಹೆಜ್ಜೆ: ಪ್ರಶ್ನೆ ಮತ್ತು ಊಹೆ

ಪೂರ್ವಶೋಧದಿಂದ ದೊರೆತ ಅರಿವನ್ನು ಈಗ ಒಂದು ಪ್ರಶ್ನೆಯಾಗಿ ಬರೆಯಬೇಕು. ಪ್ರಶ್ನೆಯಲ್ಲಿ ಯಾರು ಏನು ಮಾಡುತ್ತಾರೆ ಎಂಬುದು, ಅದು ಯಾರಿಗೆ ಎಂಬುದು ಮತ್ತು ಯಾವ ಬದಲಾವಣೆಯನ್ನು ನಿರೀಕ್ಷಿಸಲಾಗಿದೆ ಎಂಬುದು ಕಾಣಬೇಕು; ಮಾಡುವವರ ಸ್ಥಾನದಲ್ಲಿ ನೀವಿರಬೇಕು. ‘ಶಿಕ್ಷಕರು ಗೈರಾದ ಮಕ್ಕಳ ಬಗ್ಗೆ ಹೆಚ್ಚು ಗಮನ ಹರಿಸುವಂತೆ ಮಾಡುವುದು ಹೇಗೆ?’ ಎಂಬುದು ಇತರರ ಮೇಲಿನ ಪ್ರಶ್ನೆ. ‘ಗೈರಾದ ದಿನವೇ ನಾನು ಮನೆಗೆ ಕರೆ ಮಾಡಿ ವಿಚಾರಿಸಿ, ಮಗು ಮರಳಿದ ದಿನ ತಪ್ಪಿಹೋದ ಪಾಠವನ್ನು ಹಿಡಿಯಲು ವೇಳಾಪಟ್ಟಿಯಲ್ಲಿ ಸಮಯ ಒದಗಿಸಿದರೆ, ಪದೇ ಪದೇ ಗೈರಾಗುವ ಮಕ್ಕಳ ಹಾಜರಾತಿಯಲ್ಲಿ ಎಂಟು ವಾರಗಳಲ್ಲಿ ಏನು ಬದಲಾಗುತ್ತದೆ?’ ಎಂಬುದು ನಿಮ್ಮ ಕ್ರಮದ ಮೇಲಿನ ಪ್ರಶ್ನೆ.

ಪ್ರಶ್ನೆಯ ಕೆಳಗೆ ಊಹೆಯನ್ನು ಬರೆಯಿರಿ, ಅದರಲ್ಲಿ ‘ಏಕೆಂದರೆ’ ಎಂಬ ಭಾಗ ಇರಲೇಬೇಕು. ಮಗು ಒಂದೆರಡು ದಿನ ತಪ್ಪಿಸಿಕೊಂಡಾಗ ಪಾಠ ಹಿಂದೆ ಬೀಳುತ್ತದೆ, ತರಗತಿಯಲ್ಲಿ ಉತ್ತರ ಹೇಳಲಾಗದ ಮುಜುಗರದಿಂದ ಮತ್ತೆರಡು ದಿನ ತಪ್ಪಿಸಿಕೊಳ್ಳುತ್ತದೆ, ಆದ್ದರಿಂದ ಮರಳಿದ ದಿನದ ನೆರವು ಈ ಸುತ್ತನ್ನು ಮುರಿಯಬಹುದು ಎಂಬುದು ಪರೀಕ್ಷಿಸಬಹುದಾದ ಕಾರಣ. ಕಾರಣವನ್ನು ಮೊದಲೇ ಬರೆದಿಟ್ಟಿದ್ದರೆ, ಕ್ರಮ ವಿಫಲವಾದಾಗ ಸರಪಳಿಯ ಯಾವ ಕೊಂಡಿ ಕಳಚಿತು ಎಂದು ಹುಡುಕಬಹುದು. ಬರೆದಿಡದಿದ್ದರೆ ಫಲಿತಾಂಶ ಬಂದ ಮೇಲೆ ಅದಕ್ಕೆ ಹೊಂದುವ ಕಾರಣವನ್ನು ಮನಸ್ಸು ತಾನೇ ಸೃಷ್ಟಿಸಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಅಧಿಕಾರ, ಸಮ್ಮತಿ ಮತ್ತು ಗೌಪ್ಯತೆ

ಪಠ್ಯಗಳಲ್ಲಿ ಈ ಭಾಗ ಅರ್ಧ ಪುಟದಲ್ಲಿ ಮುಗಿಯುತ್ತದೆ. ಆಡಳಿತಗಾರರಾಗಲು ಹೊರಟವರಿಗೆ ಅಷ್ಟು ಸಾಲದು.

ನಾಳೆ ನಿಮ್ಮ ಕಾರ್ಯಕ್ಷಮತೆಯ ವರದಿಯನ್ನು ಬರೆಯುವವರು ಇಂದು ‘ನನ್ನ ಸಂಶೋಧನೆಯಲ್ಲಿ ಭಾಗವಹಿಸುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಎಷ್ಟು ಜನರಿಗೆ ಸಾಧ್ಯ? ಸಹಿ ಹಾಕಿದ ಸಮ್ಮತಿ ಪತ್ರ ಕೈಯಲ್ಲಿದ್ದರೂ ಅದು ನಿಜವಾದ ಸಮ್ಮತಿಯೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇದನ್ನು ಪೂರ್ತಿಯಾಗಿ ನಿವಾರಿಸಲಾಗದು, ಆದರೆ ಬಹಳ ಮಟ್ಟಿಗೆ ತಗ್ಗಿಸುವ ದಾರಿಗಳಿವೆ. ಭಾಗವಹಿಸುವಂತೆ ಕೇಳುವ ಮತ್ತು ಸಂದರ್ಶನ ನಡೆಸುವ ಕೆಲಸವನ್ನು ಮೌಲ್ಯಮಾಪನದ ಅಧಿಕಾರವಿಲ್ಲದ ಸಹೋದ್ಯೋಗಿಗೆ ವಹಿಸಬಹುದು; ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ನಿಮಗೆ ತಿಳಿಯದಂತೆ ಮಾಡಬಹುದು; ಸಂಶೋಧನೆಗಾಗಿ ದೊರೆತ ಯಾವ ಮಾಹಿತಿಯನ್ನೂ ಯಾರ ಕಾರ್ಯಕ್ಷಮತೆಯ ದಾಖಲೆಗೂ ಬಳಸುವುದಿಲ್ಲ ಎಂದು ಲಿಖಿತವಾಗಿ ಕೊಟ್ಟು, ಆ ಮಾತನ್ನು ಚಾಚೂ ತಪ್ಪದೆ ಉಳಿಸಿಕೊಳ್ಳಬೇಕು. ಒಮ್ಮೆ ಆ ಮಾತು ಮುರಿದರೆ ಆ ಶಾಲೆಯಲ್ಲಿ ಮುಂದೆ ಯಾವ ಪ್ರಶ್ನೆಗೂ ನಿಜವಾದ ಉತ್ತರ ದೊರೆಯುವುದಿಲ್ಲ.

ಹೆಸರು ಬರೆಯದಿದ್ದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹದಿನೈದು ಶಿಕ್ಷಕರಿರುವ ಶಾಲೆಯಲ್ಲಿ ಪ್ರಶ್ನಾವಳಿಯು ಬೋಧಿಸುವ ವಿಷಯ ಮತ್ತು ಸೇವೆಯ ವರ್ಷಗಳನ್ನು ಕೇಳಿದರೆ ಉತ್ತರಿಸಿದವರು ಯಾರೆಂಬುದು ಎರಡು ನಿಮಿಷಗಳಲ್ಲಿ ತಿಳಿಯುತ್ತದೆ. ವಿಶ್ಲೇಷಣೆಗೆ ಬೇಕೇ ಬೇಕಾದ ವಿವರಗಳನ್ನು ಮಾತ್ರ ಕೇಳಿ. ಸಂದರ್ಶನದ ಮಾತುಗಳನ್ನು ವರದಿಯಲ್ಲಿ ಉದ್ಧರಿಸುವ ಮೊದಲು ಆಡಿದವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿಯ ಜೊತೆಗೆ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ ಮಗುವಿನ ಒಪ್ಪಿಗೆಯನ್ನೂ ಪಡೆಯಬೇಕು. ಹಾಜರಾತಿಯನ್ನು ವಿಚಾರಿಸಿ ನೆರವಾಗುವುದು ಶಾಲೆಯ ದೈನಂದಿನ ಕರ್ತವ್ಯವೇ ಆದ್ದರಿಂದ ಸಮ್ಮತಿ ಕೊಡದ ಮಗುವಿಗೂ ಆ ನೆರವು ದೊರೆಯಲೇಬೇಕು. ಆ ಮಗುವಿನ ಮಾಹಿತಿಯನ್ನು ಮಾತ್ರ ವರದಿಯಿಂದ ಹೊರಗಿಡಬೇಕು. ಸಂಸ್ಥೆಯ ಅನುಮತಿ, ತರಬೇತಿ ನೀಡುವ ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಇವು ಮಾಹಿತಿ ಸಂಗ್ರಹಕ್ಕೆ ಮೊದಲೇ ಕೈಗೆ ಬರಬೇಕು, ಅದಕ್ಕಾಗಿ ಕೆಲವು ವಾರಗಳನ್ನು ವೇಳಾಪಟ್ಟಿಯಲ್ಲಿ ಬಿಟ್ಟಿರಬೇಕು. ಸಂದರ್ಶನದಲ್ಲಿ ಮಗುವೊಂದು ತನಗಾಗುತ್ತಿರುವ ಹಿಂಸೆಯ ಬಗ್ಗೆ ಹೇಳಿದರೆ ಏನು ಮಾಡಬೇಕು ಎಂಬುದನ್ನೂ ಮುಂಚೆಯೇ ನಿರ್ಧರಿಸಿರಬೇಕು. ಅಲ್ಲಿ ಗೌಪ್ಯತೆಯ ಭರವಸೆಗಿಂತ ಮಗುವಿನ ಸುರಕ್ಷತೆ ಮೊದಲು, ಮತ್ತು ಈ ಮಿತಿಯನ್ನು ಮಗುವಿಗೆ ಸಂದರ್ಶನದ ಆರಂಭದಲ್ಲಿಯೇ ತಿಳಿಸಿರಬೇಕು.

ಈ ಹಂತದಲ್ಲಿಯೇ ಒಬ್ಬ ವಿಮರ್ಶಕ ಮಿತ್ರರನ್ನು ಆರಿಸಿಕೊಳ್ಳಿ. ನಿಮ್ಮ ಕೈಕೆಳಗೆ ಕೆಲಸ ಮಾಡದ, ನಿಮ್ಮ ತೀರ್ಮಾನಗಳನ್ನು ಪ್ರಶ್ನಿಸಲು ಹಿಂಜರಿಯದ ವ್ಯಕ್ತಿ ಅವರಾಗಿರಬೇಕು. ಎರಡು ವಾರಕ್ಕೊಮ್ಮೆ ಅವರಿಗೆ ನಿಮ್ಮ ಟಿಪ್ಪಣಿಗಳನ್ನು ತೋರಿಸಿ ಆಕ್ಷೇಪಣೆಗಳನ್ನು ಕೇಳುವುದು ಕ್ರಮದ ಭಾಗವೇ ಆಗಲಿ.

ಐದನೆಯ ಹೆಜ್ಜೆ: ಮಾಹಿತಿ ಸಂಗ್ರಹದ ಯೋಜನೆ

ಒಂದೇ ಮೂಲದ ಮಾಹಿತಿಯನ್ನು ನಂಬಬಾರದು ಎಂಬುದು ಹಳೆಯ ನಿಯಮ. ನಮ್ಮ ಉದಾಹರಣೆಯಲ್ಲಿ ಹಾಜರಾತಿ ಪುಸ್ತಕ ಒಂದು ಮೂಲ, ಮಕ್ಕಳ ಮತ್ತು ಪೋಷಕರ ಸಂದರ್ಶನ ಇನ್ನೊಂದು, ಮರಳಿದ ದಿನದ ತರಗತಿಯ ಅವಲೋಕನ ಮೂರನೆಯದು. ಮೂರೂ ಒಂದೇ ದಿಕ್ಕಿಗೆ ತೋರಿಸಿದರೆ ತೀರ್ಮಾನಕ್ಕೆ ಬಲ ಬರುತ್ತದೆ. ಅವು ಪರಸ್ಪರ ವಿರೋಧಿಸಿದರೆ ಅದೂ ಬೆಲೆಯುಳ್ಳ ಸಂಗತಿಯೇ: ಹಾಜರಾತಿ ಏರಿದೆ, ಆದರೆ ಮಕ್ಕಳು ಕರೆಗಳಿಗೆ ಹೆದರಿ ಕಾಯಿಲೆಯಲ್ಲಿಯೂ ಬರುತ್ತಿದ್ದೇವೆ ಎಂದು ಹೇಳಿದರೆ ಆ ಏರಿಕೆಯನ್ನು ಯಶಸ್ಸು ಎನ್ನಲಾಗದು.

ಪ್ರಶ್ನಾವಳಿಯನ್ನು ಬಳಸುವುದಾದರೆ ಚಿಕ್ಕದಾಗಿರಲಿ, ಒಂದು ಪ್ರಶ್ನೆ ಒಂದೇ ಸಂಗತಿಯನ್ನು ಕೇಳಲಿ. ‘ಸಿಬ್ಬಂದಿ ಸಭೆಗಳು ಸಮಯಕ್ಕೆ ಸರಿಯಾಗಿ ಮುಗಿಯುತ್ತವೆಯೇ ಮತ್ತು ಉಪಯುಕ್ತವಾಗಿವೆಯೇ?’ ಎಂಬ ಪ್ರಶ್ನೆಗೆ ಬಂದ ‘ಹೌದು’ ಎಂಬ ಉತ್ತರದಿಂದ ಏನನ್ನೂ ತಿಳಿಯಲಾಗದು. ಎಲ್ಲರಿಗೂ ಹಂಚುವ ಮೊದಲು ಇಬ್ಬರು ಮೂವರಿಗೆ ಕೊಟ್ಟು, ಪ್ರತಿ ಪ್ರಶ್ನೆಯನ್ನು ಅವರು ಹೇಗೆ ಅರ್ಥಮಾಡಿಕೊಂಡರು ಎಂದು ಕೇಳಿ ತಿದ್ದಿ.

ಕ್ರಮ ಆರಂಭವಾಗುವ ಮೊದಲಿನ ಸ್ಥಿತಿಯನ್ನು ಕನಿಷ್ಠ ಮೂರು ನಾಲ್ಕು ವಾರಗಳ ಕಾಲ ಅಳೆಯಬೇಕು. ಒಂದು ವಾರದ ಅಳತೆ ಹಬ್ಬ, ಮಳೆ, ಪರೀಕ್ಷೆ ಹೀಗೆ ಯಾವುದಾದರೊಂದರ ಪ್ರಭಾವಕ್ಕೆ ಸಿಕ್ಕಿರುತ್ತದೆ. ಇಷ್ಟಾದರೂ ಒಂದು ದೊಡ್ಡ ಅಪಾಯ ಉಳಿಯುತ್ತದೆ. ಅತಿ ಹೆಚ್ಚು ಗೈರಾದ ಹತ್ತು ಮಕ್ಕಳನ್ನು ಆರಿಸಿಕೊಂಡರೆ, ನೀವು ಏನೂ ಮಾಡದಿದ್ದರೂ ಮುಂದಿನ ಅವಧಿಯಲ್ಲಿ ಅವರಲ್ಲಿ ಕೆಲವರ ಹಾಜರಾತಿ ಸುಧಾರಿಸುತ್ತದೆ. ಒಬ್ಬರಿಗೆ ಜ್ವರ ಬಂದು ಹೋಗಿರುತ್ತದೆ, ಇನ್ನೊಬ್ಬರ ಮನೆಯ ಸಮಾರಂಭ ಮುಗಿದಿರುತ್ತದೆ. ತುದಿಯಲ್ಲಿರುವ ಅಳತೆಗಳು ಮರುಬಾರಿ ಸರಾಸರಿಯ ಕಡೆಗೆ ಸರಿಯುವ ಈ ಪ್ರವೃತ್ತಿಯನ್ನು ಫ್ರಾನ್ಸಿಸ್ ಗಾಲ್ಟನ್ ಅವರು 19ನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಶಾಲೆಗಳಲ್ಲಿ ನಡೆಯುವ ಎಷ್ಟೋ ‘ಯಶಸ್ವಿ’ ಕ್ರಮಗಳ ಹಿಂದೆ ಇದೊಂದೇ ಇರುವ ಸಾಧ್ಯತೆಯಿದೆ, ಅದನ್ನು ತಿಳಿಯದೆ ಸಂಪನ್ಮೂಲವನ್ನು ಅಲ್ಲಿಗೇ ಸುರಿಯುತ್ತಾ ಹೋಗುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಇದಕ್ಕೆ ಶಾಲೆಯ ಮಟ್ಟದಲ್ಲಿ ಸಾಧ್ಯವಾದ ಒಂದು ಉತ್ತರವೆಂದರೆ ಕ್ರಮವನ್ನು ಹಂತ ಹಂತವಾಗಿ ಜಾರಿಗೆ ತರುವುದು. ಎರಡು ವಿಭಾಗಗಳಿದ್ದರೆ ಒಂದರಲ್ಲಿ ಈಗ, ಇನ್ನೊಂದರಲ್ಲಿ ನಾಲ್ಕು ವಾರಗಳ ನಂತರ ಆರಂಭಿಸಿ, ಎರಡರಲ್ಲಿಯೂ ಮೊದಲಿನಿಂದಲೇ ಅಳತೆ ಮಾಡುತ್ತಾ ಹೋಗಿ. ಎರಡೂ ವಿಭಾಗಗಳಲ್ಲಿ ಸುಧಾರಣೆ ಆಯಾ ಆರಂಭದ ನಂತರವೇ ಕಂಡರೆ ಕ್ರಮದ ಪಾತ್ರವಿದೆ ಎನ್ನಲು ಆಧಾರ ದೊರೆಯುತ್ತದೆ. ಎರಡೂ ಒಟ್ಟಿಗೆ ಏರಿದರೆ ಬೇರಾವುದೋ ಕಾರಣ ಕೆಲಸ ಮಾಡಿದೆ. ಯಾವ ಮಗುವೂ ನೆರವಿನಿಂದ ವಂಚಿತವಾಗದು ಎಂಬುದು ಈ ವಿನ್ಯಾಸದ ಇನ್ನೊಂದು ಗುಣ. ಮಗುವಿನ ಸುರಕ್ಷತೆಗೆ ಸಂಬಂಧಿಸಿದ ತುರ್ತು ಇರುವಲ್ಲಿ ಮಾತ್ರ ನಾಲ್ಕು ವಾರ ಕಾಯಿಸುವುದು ಸಲ್ಲದು.

ಯಾವ ಫಲಿತಾಂಶ ಬಂದರೆ ಕ್ರಮ ವಿಫಲವಾಯಿತು ಎಂದು ಒಪ್ಪಿಕೊಳ್ಳುತ್ತೀರಿ ಎಂಬುದನ್ನು ಆರಂಭದ ಮೊದಲೇ ದಿನಾಂಕ ಹಾಕಿ ಬರೆದು ವಿಮರ್ಶಕ ಮಿತ್ರರಿಗೆ ಕೊಡಿ. ಆಡಳಿತದಲ್ಲಿರುವವರಿಗೆ ತಾವು ಆರಂಭಿಸಿದ್ದು ಸಫಲವಾಯಿತು ಎಂದು ತೋರಿಸುವ ಒತ್ತಡ ಸದಾ ಇರುತ್ತದೆ. ಈ ಒಂದು ಹಾಳೆ ಆ ಒತ್ತಡಕ್ಕೆ ತಕ್ಕ ತಡೆ.

ಆರನೆಯ ಹೆಜ್ಜೆ: ಕ್ರಮವನ್ನು ನಡೆಸುವುದು

ಆರರಿಂದ ಎಂಟು ವಾರಗಳ ಅವಧಿ ಮೊದಲ ಆವರ್ತಕ್ಕೆ ಸಾಮಾನ್ಯವಾಗಿ ಸಾಕಾಗುತ್ತದೆ. ಯೋಜಿಸಿದ್ದು ನಿಜವಾಗಿ ಎಷ್ಟು ನಡೆಯಿತು ಎಂಬ ದಾಖಲೆಯನ್ನು ಇಡುವುದು ಈ ಅವಧಿಯ ಮುಖ್ಯ ಕೆಲಸ. ಗೈರಾದ ದಿನವೇ ಕರೆ ಮಾಡಬೇಕೆಂದಿದ್ದರೆ, ಎಷ್ಟು ಗೈರುಗಳಿಗೆ ಅದೇ ದಿನ ಕರೆ ಹೋಯಿತು, ಎಷ್ಟು ಕರೆಗಳಿಗೆ ಉತ್ತರ ಸಿಕ್ಕಿತು, ಮರಳಿದ ದಿನದ ನೆರವು ಎಷ್ಟು ಸಲ ದೊರೆಯಿತು ಎಂಬುದನ್ನು ಒಂದು ಸರಳ ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗಿ. ಅರ್ಧದಷ್ಟು ಕರೆಗಳೂ ಹೋಗಿರದಿದ್ದರೆ ‘ಕರೆಗಳಿಂದ ಪ್ರಯೋಜನವಿಲ್ಲ’ ಎಂಬ ತೀರ್ಮಾನ ತಪ್ಪು, ಪರೀಕ್ಷೆಯೇ ನಡೆದಿಲ್ಲ. ಕರೆಗಳು ಏಕೆ ಹೋಗಲಿಲ್ಲ ಎಂಬುದು ಆಗ ಆಡಳಿತದ ನಿಜವಾದ ಪ್ರಶ್ನೆಯಾಗುತ್ತದೆ.

ಇದರ ಜೊತೆಗೆ ದಿನಚರಿ ಬರೆಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು. ನಡೆದದ್ದನ್ನು ಒಂದು ಕಡೆ, ಅದರ ಬಗ್ಗೆ ನಿಮ್ಮ ಅನಿಸಿಕೆಯನ್ನು ಇನ್ನೊಂದು ಕಡೆ ಬೇರ್ಪಡಿಸಿ ಬರೆದರೆ ನಂತರದ ವಿಶ್ಲೇಷಣೆ ಸುಲಭವಾಗುತ್ತದೆ. ನಿಮ್ಮ ಉಪಸ್ಥಿತಿಯಿಂದ ಜನರ ವರ್ತನೆ ಹೇಗೆ ಬದಲಾಯಿತು ಎಂಬುದನ್ನೂ ಬರೆಯಬೇಕು. ಮುಖ್ಯಸ್ಥರು ಬಾಗಿಲಲ್ಲಿ ನಿಂತಾಗ ನಡೆಯುವ ಪಾಠ ಉಳಿದ ದಿನಗಳ ಪಾಠವಲ್ಲ. ಅವಲೋಕನವನ್ನು ಸಹೋದ್ಯೋಗಿಯೊಬ್ಬರು ಮಾಡುವುದು ಮೇಲು, ಇಲ್ಲವೇ ನಿಮ್ಮ ಬರವು ಸಹಜವೆನಿಸುವಷ್ಟು ಸಲ ಹೋಗಿ ಕುಳಿತು ಆನಂತರ ದಾಖಲಿಸುವುದು ಮೇಲು.

ನಡುವೆ ಕ್ರಮವನ್ನು ಬದಲಿಸಬಹುದೇ? ಯಾರಿಗಾದರೂ ತೊಂದರೆಯಾಗುತ್ತಿದ್ದರೆ ಕೂಡಲೇ ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಸಣ್ಣ ಹೊಂದಾಣಿಕೆಗಳನ್ನು ದಿನಾಂಕ ಸಹಿತ ದಾಖಲಿಸಿ ಮಾಡಿಕೊಳ್ಳಬಹುದು. ಆದರೆ ಎರಡು ವಾರಗಳಲ್ಲಿ ಫಲ ಕಾಣಲಿಲ್ಲವೆಂದು ಹೊಸ ಕ್ರಮಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಹೋದರೆ ಕೊನೆಗೆ ಯಾವುದು ಕೆಲಸ ಮಾಡಿತು ಎಂದು ಯಾರೂ ಹೇಳಲಾರರು.

ಏಳನೆಯ ಹೆಜ್ಜೆ: ವಿಶ್ಲೇಷಣೆ

ಸಂಖ್ಯೆಗಳ ವಿಷಯದಲ್ಲಿ ಸರಳತೆಯೇ ಒಳ್ಳೆಯದು. ಹತ್ತು ಮಕ್ಕಳ ಗುಂಪಿನಲ್ಲಿ ಒಂದು ಮಗುವಿನ ಬದಲಾವಣೆಯೇ ಶೇಕಡಾ 10 ಆಗುತ್ತದೆ. ಆದ್ದರಿಂದ ಶೇಕಡಾವಾರನ್ನು ಹೇಳುವಾಗ ಮೂಲ ಸಂಖ್ಯೆಯನ್ನೂ ಹೇಳಲೇಬೇಕು. ಇಷ್ಟು ಚಿಕ್ಕ ಗುಂಪುಗಳಲ್ಲಿ ಕ್ಲಿಷ್ಟವಾದ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳಿಗಿಂತ ಪ್ರತಿ ಮಗುವಿನ ವಾರವಾರದ ಹಾಜರಾತಿಯನ್ನು ಒಂದೊಂದು ಗೆರೆಯಾಗಿ ಬಿಡಿಸಿದ ರೇಖಾಚಿತ್ರ ಹೆಚ್ಚು ತಿಳಿಸುತ್ತದೆ. ಆರು ಮಕ್ಕಳ ಗೆರೆ ಏರಿ, ಮೂವರದು ಹಾಗೆಯೇ ಇದ್ದು, ಒಬ್ಬರದು ಇಳಿದಿದ್ದರೆ ಆ ನಾಲ್ವರ ಕಡೆಗೇ ಹೆಚ್ಚಿನ ಗಮನ ಹೋಗಬೇಕು.

ಸಂದರ್ಶನದ ಮಾತುಗಳನ್ನು ಮೊದಲು ಏನನ್ನೂ ಗುರುತು ಮಾಡದೆ ಒಮ್ಮೆ ಪೂರ್ತಿ ಓದಿ. ಎರಡನೆಯ ಓದಿನಲ್ಲಿ ಪ್ರತಿ ಮುಖ್ಯ ಮಾತಿನ ಪಕ್ಕದಲ್ಲಿ ಅದರ ಸಾರವನ್ನು ಎರಡು ಮೂರು ಪದಗಳಲ್ಲಿ ಬರೆಯಿರಿ. ಆ ಸಂಕೇತಗಳಲ್ಲಿ ಹತ್ತಿರದವುಗಳನ್ನು ಗುಂಪುಗೂಡಿಸಿ. ನಾಲ್ಕೈದು ಗುಂಪುಗಳು ಮೂಡಿದ ಮೇಲೆ ಅವುಗಳಿಗೆ ಹೊಂದದ ಮಾತುಗಳನ್ನು ಹುಡುಕಿಕೊಂಡು ಮತ್ತೊಮ್ಮೆ ಓದಿ. ಎರಡು ಮೂರು ಸಂದರ್ಶನಗಳನ್ನು ವಿಮರ್ಶಕ ಮಿತ್ರರೂ ಸ್ವತಂತ್ರವಾಗಿ ಓದಿ ಸಂಕೇತ ಹಾಕಲಿ. ಇಬ್ಬರ ಓದು ಬೇರೆಯಾದ ಜಾಗದಲ್ಲಿ ನಡೆಯುವ ಚರ್ಚೆಯೇ ಹಲವು ಸಲ ಇಡೀ ಅಧ್ಯಯನದ ಅತ್ಯುತ್ತಮ ಗಂಟೆಯಾಗಿರುತ್ತದೆ.

ಕಂಡುಬಂದ ಸಂಗತಿಗಳನ್ನು ವರದಿಗೆ ಇಳಿಸುವ ಮೊದಲು ಶಿಕ್ಷಕರ ಮುಂದಿಡಿ, ‘ಇದನ್ನು ನಾನು ಸರಿಯಾಗಿ ಓದಿದ್ದೇನೆಯೇ?’ ಎಂದು ಕೇಳಿ. ಆ ಸಭೆಯಲ್ಲಿ ನಿಮ್ಮ ವಿವರಣೆಯನ್ನು ಸಮರ್ಥಿಸಿಕೊಳ್ಳುವ ಬದಲು ಆಕ್ಷೇಪಣೆಗಳನ್ನು ಬರೆದುಕೊಳ್ಳಿ. ಆಡಳಿತಗಾರರ ಮಾತಿಗೆ ಎಲ್ಲರೂ ತಲೆಯಾಡಿಸಿದರೆ ಅದು ಒಪ್ಪಿಗೆಯೆಂದು ಎಣಿಸಬಾರದು. ಸಣ್ಣ ಗುಂಪುಗಳಲ್ಲಿ ಚರ್ಚಿಸಿ ಗುಂಪಿನ ಪರವಾಗಿ ಒಬ್ಬರು ಹೇಳುವ ವ್ಯವಸ್ಥೆ ಮಾಡಿದರೆ ಭಿನ್ನಾಭಿಪ್ರಾಯಗಳು ಹೊರಬರುತ್ತವೆ.

ಇದೇ ಹೆಜ್ಜೆಗಳು ನಾಯಕತ್ವದ ಕೆಲಸದಲ್ಲಿ

ಹಾಜರಾತಿಯಂತಹ ಎಣಿಸಬಹುದಾದ ವಿಷಯಗಳಿಗೆ ಮಾತ್ರ ಈ ವಿಧಾನ ಸೀಮಿತವಲ್ಲ. ತರಗತಿ ವೀಕ್ಷಣೆಯ ನಂತರ ಶಿಕ್ಷಕರೊಡನೆ ನೀವು ನಡೆಸುವ ಹಿಮ್ಮಾಹಿತಿಯ ಮಾತುಕತೆಯನ್ನೇ ತೆಗೆದುಕೊಳ್ಳಿ. ವೀಕ್ಷಣೆಗೂ ಮಾತುಕತೆಗೂ ನಡುವೆ ಎಷ್ಟು ದಿನ ಕಳೆಯಿತು, ಮಾತುಕತೆಯಲ್ಲಿ ಯಾರು ಎಷ್ಟು ಹೊತ್ತು ಮಾತನಾಡಿದರು, ಕೊನೆಯಲ್ಲಿ ಒಂದು ನಿರ್ದಿಷ್ಟ ಬದಲಾವಣೆಗೆ ಇಬ್ಬರೂ ಒಪ್ಪಿದರೇ, ಮುಂದಿನ ವೀಕ್ಷಣೆಯಲ್ಲಿ ಅದು ಕಂಡಿತೇ ಎಂಬ ನಾಲ್ಕೂ ದಾಖಲಿಸಬಹುದಾದ ಸಂಗತಿಗಳು. ಶಿಕ್ಷಕರ ಅನುಮತಿ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸಿ ಕೇಳಿಸಿಕೊಂಡರೆ ತನ್ನ ನಾಯಕತ್ವದ ಬಗ್ಗೆ ಯಾವ ಉಪನ್ಯಾಸವೂ ಕಲಿಸದಷ್ಟು ಕಲಿಯಬಹುದು. ಆಡಳಿತದ ತರಬೇತಿಯಲ್ಲಿರುವ ಪ್ರತಿಯೊಬ್ಬರೂ ಒಂದು ಆವರ್ತವನ್ನಾದರೂ ಹೀಗೆ ತಮ್ಮದೇ ನಡವಳಿಕೆಯ ಮೇಲೆ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಎಂಟನೆಯ ಹೆಜ್ಜೆ: ತೀರ್ಮಾನ, ವರದಿ ಮತ್ತು ಎರಡನೆಯ ಆವರ್ತ

ಕ್ರಮವನ್ನು ಹಾಗೆಯೇ ಮುಂದುವರಿಸುವುದು, ತಿದ್ದಿ ಮತ್ತೊಮ್ಮೆ ಪರೀಕ್ಷಿಸುವುದು, ಕೈಬಿಡುವುದು ಎಂಬ ಮೂರು ತೀರ್ಮಾನಗಳಲ್ಲಿ ಒಂದನ್ನು ಸ್ಪಷ್ಟವಾಗಿ ಬರೆಯಬೇಕು. ಕೈಬಿಡುವ ತೀರ್ಮಾನಕ್ಕೆ ಸಂಕೋಚ ಬೇಡ. ಫಲ ಕೊಡದ ಕಾರ್ಯಕ್ರಮವೊಂದನ್ನು ಆಧಾರ ಸಹಿತ ನಿಲ್ಲಿಸಿದರೆ ಶಿಕ್ಷಕರ ಸಮಯ ಉಳಿಯುತ್ತದೆ, ಶಾಲೆಯಲ್ಲಿ ಆ ಸಮಯಕ್ಕಿಂತ ವಿರಳವಾದ ಸಂಪನ್ಮೂಲ ಬೇರೆ ಇಲ್ಲ.

ವರದಿಯಲ್ಲಿ ಸಮಸ್ಯೆ, ಪೂರ್ವಶೋಧ, ಊಹೆ, ಕ್ರಮ, ಕ್ರಮ ಎಷ್ಟು ನಡೆಯಿತು ಎಂಬ ಲೆಕ್ಕ, ಫಲಿತಾಂಶ, ಮಿತಿಗಳು ಮತ್ತು ತೀರ್ಮಾನ ಇಷ್ಟಿದ್ದರೆ ಸಾಕು. ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ದೀರ್ಘ ವರದಿಯ ಜೊತೆಗೆ ಶಿಕ್ಷಕರಿಗಾಗಿ ಎರಡು ಪುಟಗಳದ್ದೊಂದು, ಪೋಷಕರಿಗಾಗಿ ಸರಳ ಮಾತಿನಲ್ಲಿ ಒಂದು ಪುಟದ್ದೊಂದು ಸಿದ್ಧಪಡಿಸಿ. ಮಾಹಿತಿ ಕೊಟ್ಟವರಿಗೆ ಅದರ ಫಲ ತಿಳಿಯಬೇಕಾದದ್ದು ನ್ಯಾಯ. ತರಬೇತಿ ಮುಗಿಸಿ ನೀವು ಬೇರೆ ಶಾಲೆಗೆ ಹೋಗುವವರಾದ್ದರಿಂದ ಅಳತೆಯ ಹಾಳೆಗಳು, ಪ್ರಶ್ನಾವಳಿ, ಕರೆಗಳ ದಾಖಲೆಯ ನಮೂನೆ ಇವುಗಳನ್ನು ಮಕ್ಕಳ ಹೆಸರುಗಳಿಲ್ಲದ ರೂಪದಲ್ಲಿ ಒಂದು ಕಡತದಲ್ಲಿಟ್ಟು, ಮುಂದುವರಿಸುವ ಹೊಣೆ ಯಾರದು ಮತ್ತು ಮುಂದಿನ ಪರಿಶೀಲನೆ ಯಾವ ದಿನ ಎಂಬುದನ್ನು ಬರೆದು ಒಪ್ಪಿಸಿ ಹೋಗಬೇಕು.

ನಮ್ಮ ಉದಾಹರಣೆಯಲ್ಲಿ ಆರು ಮಕ್ಕಳ ಹಾಜರಾತಿ ಸುಧಾರಿಸಿದೆ, ನಾಲ್ವರದು ಸುಧಾರಿಸಿಲ್ಲ ಎಂದುಕೊಂಡೆವು. ಸಂದರ್ಶನಗಳನ್ನು ಮತ್ತೆ ಓದಿದಾಗ ಆ ನಾಲ್ವರಲ್ಲಿ ಮೂವರು ಮನೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಬೇಕಾದ ದಿನಗಳಲ್ಲಿಯೇ ಗೈರಾಗಿರುವುದು ಕಂಡುಬರುತ್ತದೆ ಎಂದಿಟ್ಟುಕೊಳ್ಳಿ. ಹಿಂದೆ ಬಿದ್ದ ಪಾಠದ ಮುಜುಗರ ಎಂಬ ಮೊದಲ ಊಹೆ ಇವರಿಗೆ ಅನ್ವಯಿಸುವುದಿಲ್ಲ, ಕರೆಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದ ಏನೂ ಆಗದು. ಎರಡನೆಯ ಆವರ್ತದ ಪೂರ್ವಶೋಧ ಈ ಮೂರು ಕುಟುಂಬಗಳೊಡನೆ ಮಾತನಾಡುವುದರಿಂದಲೂ, ಆ ದಿನಗಳಲ್ಲಿ ಶಾಲೆಯ ಸಮಯ ಅಥವಾ ನೆರವಿನ ವ್ಯವಸ್ಥೆಯಲ್ಲಿ ಯಾವುದನ್ನು ಬದಲಿಸುವ ಅಧಿಕಾರ ನಿಮಗಿದೆ ಎಂದು ಮುಖ್ಯಸ್ಥರನ್ನು ಕೇಳುವುದರಿಂದಲೂ ಆರಂಭವಾಗುತ್ತದೆ. ನಾಲ್ಕನೆಯ ಮಗುವಿನ ಕಾರಣ ಇನ್ನೂ ತಿಳಿದಿಲ್ಲ ಎಂಬುದನ್ನು ಹೊಸ ಯೋಜನೆಯ ಮೊದಲ ಸಾಲಿನಲ್ಲಿಯೇ ಬರೆದಿರಬೇಕು.